ಸಿದ್ಧಾಂತ ಬಸದಿಯ ಓಲೆಗಳೂ ಗ್ರಂಥಾಲಯದ ಗಣಕಗಳೂ: ಓದುವ ಅಧಿಕಾರವನ್ನು ಕುರಿತು ಒಂದು ವಿಮರ್ಶೆ

೧

ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇರಿಸಿರುವ ಗಣಕಯಂತ್ರಗಳ ಮೂಲಕ ವಾಚಕನು ಅಂತರ್ಜಾಲದಲ್ಲಿ ಏನನ್ನು ನೋಡಬಹುದು, ಏನನ್ನು ನೋಡಕೂಡದು ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ನಮ್ಮ ಗ್ರಾಮಗಳನ್ನೂ ಬಂದು ಮುಟ್ಟಿದೆ. ೨೦೧೯ರಲ್ಲಿ ಕರ್ನಾಟಕ ಸರಕಾರವು ಗ್ರಾಮ ಪಂಚಾಯತಿ ಮಟ್ಟದ ಐದು ಸಾವಿರಕ್ಕೂ ಮಿಕ್ಕ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿತು. ತರುವಾಯ ಅವುಗಳಲ್ಲಿ ಹಲವಕ್ಕೆ ಗಣಕಗಳೂ ಅಂತರ್ಜಾಲದ ಸಂಪರ್ಕವೂ 'ಅರಿವು ಕೇಂದ್ರ' ಎಂಬ ಹೆಸರೂ ದೊರೆತಿವೆ. ೨೦೨೦ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಪ್ರಾರಂಭವಾಯಿತು. ಮನೆಯಲ್ಲಿ ಸ್ವಂತ ಯಂತ್ರವಿಲ್ಲದ ವಿದ್ಯಾರ್ಥಿಗೆ, ಬೀಡಿ ಕಟ್ಟುವ ಮನೆಯ ಹೆಣ್ಣುಮಗಳಿಗೆ, ಪಹಣಿಯ ಪ್ರತಿಯನ್ನು ಹುಡುಕುವ ರೈತನಿಗೆ, ಊರ ಗ್ರಂಥಾಲಯದ ಗಣಕವೇ ಲೋಕದ ಗ್ರಂಥಭಂಡಾರಕ್ಕೆ ಇರುವ ಏಕಮಾತ್ರ ಬಾಗಿಲು.

ಈ ಬಾಗಿಲಿಗೆ ಎಷ್ಟು ದೊಡ್ಡ ಬೀಗ ಬೇಕು ಎಂಬ ಚರ್ಚೆಯಲ್ಲಿ ಇದುವರೆಗೆ ತಂತ್ರಜ್ಞರೂ ಆಡಳಿತಗಾರರೂ ಮಾತನಾಡಿರುವರೇ ಹೊರತು ಇತಿಹಾಸದ ಕಡೆಗೆ ಯಾರೂ ಹೊರಳಿ ನೋಡಿದಂತಿಲ್ಲ. ಗ್ರಂಥಕ್ಕೂ ವಾಚಕನಿಗೂ ನಡುವೆ ಕಾವಲು ಇರಿಸುವುದು ಹೊಸ ಸಂಗತಿಯಲ್ಲ. ಅದರ ಗುಣವನ್ನೂ ದೋಷವನ್ನೂ ಅಳೆಯಲು ಬೇಕಾದ ಒಂದು ಪೂರ್ಣ ದೃಷ್ಟಾಂತ ನಮ್ಮ ಪ್ರಾಂತದಲ್ಲಿಯೇ, ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ದೊರೆಯುತ್ತದೆ. ಆ ದೃಷ್ಟಾಂತವನ್ನು ಮೊದಲು ನಿರೂಪಿಸಿ, ಅದರ ಬೆಳಕಿನಲ್ಲಿ ಈಗಿನ ನಿರ್ಬಂಧಗಳನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಗುರು ಬಸದಿಯೆಂದೂ ಹೆಸರುಳ್ಳ ಈ ಬಸದಿಯಲ್ಲಿ ದಿಗಂಬರ ಜೈನರ ಪರಮಾಗಮಗಳೆನಿಸಿದ ಗ್ರಂಥಗಳ ತಾಡಪತ್ರ ಪ್ರತಿಗಳು ಶತಮಾನಗಳಿಂದ ರಕ್ಷಿತವಾಗಿವೆ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆ, ಗುಣಧರರ ಕಷಾಯಪ್ರಾಭೃತಕ್ಕೆ ವೀರಸೇನರು ತೊಡಗಿ ಅವರ ಶಿಷ್ಯರಾದ ಜಿನಸೇನರು ಕ್ರಿ. ಶ. ೮೩೭ರಲ್ಲಿ ಮುಗಿಸಿದ ಜಯಧವಲಾ, ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧ ಇವೇ ಆ ಗ್ರಂಥಗಳು. ಸಂಪ್ರದಾಯದ ಗಣನೆಯಂತೆ ಧವಲೆಯ ಪ್ರಮಾಣ ೭೨,೦೦೦ ಗ್ರಂಥ, ಜಯಧವಲೆಯದು ೬೦,೦೦೦. ಭಾಷೆ ಪ್ರಾಕೃತ ಸಂಸ್ಕೃತಗಳ ಮಿಶ್ರಣ, ಲಿಪಿ ಹಳಗನ್ನಡ. ಓಲೆಗಳ ಕಾಲ ಹನ್ನೆರಡನೆಯ ಶತಮಾನದ ಸುತ್ತುಮುತ್ತ. ಕೆಲವು ಓಲೆಗಳಲ್ಲಿ ಆ ಕಾಲದ ವರ್ಣಚಿತ್ರಗಳೂ ಉಂಟು. ಭಾರತದಲ್ಲಿ ಬೇರೆಲ್ಲಿಯೂ ಈ ಗ್ರಂಥಗಳ ಪ್ರಾಚೀನ ಪ್ರತಿ ಉಳಿದಿರಲಿಲ್ಲವಾದುದರಿಂದ, ಇವು ನಾಶವಾಗಿದ್ದರೆ ಆ ಕೃತಿಗಳೇ ಇಲ್ಲವಾಗುತ್ತಿದ್ದವು. ಮೂಡುಬಿದಿರೆಯ ಭಟ್ಟಾರಕರೂ ಶ್ರಾವಕರೂ ಇವನ್ನು ಗೆದ್ದಲಿನಿಂದಲೂ ತುಳುನಾಡಿನ ಮಳೆಗಾಲದ ತೇವದಿಂದಲೂ ಕಾಪಾಡಿದ ಉಪಕಾರವನ್ನು ಯಾವ ವಿಮರ್ಶೆಯೂ ಮರೆಯಬಾರದು.

ಆದರೆ ಈ ರಕ್ಷಣೆಯ ವಿಧಾನವೇನು? ಯಾತ್ರಿಕರಿಗೆ ಓಲೆಗಳ ದರ್ಶನ ದೊರೆಯುತ್ತಿತ್ತು, ಅಧ್ಯಯನ ದೊರೆಯುತ್ತಿರಲಿಲ್ಲ. ಗ್ರಂಥವು ಪೂಜಾವಸ್ತುವಾಗಿ ಉಳಿದು ವಾಚ್ಯವಸ್ತುವಾಗುವುದು ನಿಂತುಹೋಗಿತ್ತು. ೧೮೮೩ರ ಸುಮಾರಿಗೆ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರು ಓಲೆಗಳ ಶಿಥಿಲಸ್ಥಿತಿಯನ್ನು ಕಂಡು ಚಿಂತಿಸಿದರು. ಅವರೂ ಸೊಲ್ಲಾಪುರದ ಹೀರಾಚಂದ ನೇಮಚಂದರೂ ವಂತಿಗೆ ಕೂಡಿಸಿ ಪ್ರತಿ ಮಾಡಿಸುವ ಏರ್ಪಾಡು ಮಾಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಆರಂಭಿಸಿದ ಈ ಲೇಖನಕಾರ್ಯವು ಹಲವರ ಕೈಗೆ ಸಾಗುತ್ತ ಕಾಲು ಶತಮಾನದಷ್ಟು ಕಾಲ ನಡೆಯಿತು. ಅದಕ್ಕೆ ವಿಧಿಸಿದ್ದ ನಿಬಂಧನೆ ಒಂದೇ: ಹೊಸ ಪ್ರತಿಯೂ ಮೂಡುಬಿದಿರೆಯನ್ನು ಬಿಟ್ಟು ಹೊರಗೆ ಹೋಗಕೂಡದು. ಎಂದರೆ, ಓಲೆಯ ಬದಲು ಕಾಗದವಾಯಿತು. ಬೀಗ ಹಾಗೆಯೇ ಉಳಿಯಿತು.

ಮುಂದೆ ನಡೆದುದು ಗಮನಾರ್ಹವಾಗಿದೆ. ಗಜಪತಿ ಉಪಾಧ್ಯಾಯರು, ವಿದುಷಿಯಾಗಿದ್ದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಮತ್ತೊಂದು ಕನ್ನಡ ಪ್ರತಿಯನ್ನು ಗುಪ್ತವಾಗಿ ಸಿದ್ಧಪಡಿಸಿಕೊಂಡರು. ಅದು ೧೯೧೫ರ ಸುಮಾರಿಗೆ ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ನೇಮಕಗೊಂಡಿದ್ದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಇನ್ನೊಂದು ಪ್ರತಿಯನ್ನು ಇರಿಸಿಕೊಂಡರು. ಆ ಪ್ರತಿಯಿಂದ ಪ್ರತಿ, ಅದರಿಂದ ಮತ್ತೊಂದು ಪ್ರತಿ ಎಂಬಂತೆ ಆರಾ, ಕಾರಂಜಾ, ಅಮರಾವತಿ ಮೊದಲಾದ ಊರುಗಳಿಗೆ ಗ್ರಂಥವು ಹಬ್ಬಿತು. ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು ೧೯೩೯ರಲ್ಲಿ ಧವಲಾಸಹಿತ ಷಟ್ಖಂಡಾಗಮದ ಮೊದಲನೆಯ ಸಂಪುಟವನ್ನು ಹೊರತಂದುದು ಇಂಥ ಪ್ರತಿಗಳನ್ನು ಆಧರಿಸಿ. ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರೂ ಈ ಕಾರ್ಯದಲ್ಲಿ ಸಹಭಾಗಿಗಳಾಗಿದ್ದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ೧೬ ಸಂಪುಟಗಳು ಪೂರ್ಣಗೊಂಡವು.

೩

ಕಾವಲು ಬಿಗಿಯಾಗಿದ್ದರೂ ಗ್ರಂಥವು ಹೊರಗೆ ಹೋಯಿತು ಎಂಬುದು ಈ ವೃತ್ತಾಂತದ ಮೊದಲನೆಯ ಪಾಠ. ಎರಡನೆಯದು ಇದಕ್ಕಿಂತ ಮುಖ್ಯವಾದುದು: ಹೋದ ಗ್ರಂಥವು ಕೆಟ್ಟು ಹೋಯಿತು. ಬಹಿರಂಗವಾಗಿ, ಮೂಲದೊಡನೆ ತಾಳೆನೋಡುತ್ತ ಮಾಡಬೇಕಾದ ಕೆಲಸವನ್ನು ಮರೆಯಲ್ಲಿ, ಅವಸರದಲ್ಲಿ, ಪ್ರತಿಯ ಪ್ರತಿಯಿಂದ ಮಾಡಿದಾಗ ಪದಗಳು ಬಿಟ್ಟುಹೋಗುವುದೂ ಸಾಲುಗಳು ಹಾರಿಹೋಗುವುದೂ ಅನಿವಾರ್ಯ.

ಇದಕ್ಕೆ ಒಂದು ನಿದರ್ಶನ ಸಾಕು. ಸತ್ಪ್ರರೂಪಣೆಯ ೯೩ನೆಯ ಸೂತ್ರವು ಮಾನವಸ್ತ್ರೀಯರಿಗೆ ಯಾವ ಯಾವ ಗುಣಸ್ಥಾನಗಳು ಸಂಭವಿಸುತ್ತವೆ ಎಂಬುದನ್ನು ಹೇಳುತ್ತದೆ. ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿ ಈ ಸೂತ್ರದಲ್ಲಿ 'ಸಂಜದ', ಅಂದರೆ 'ಸಂಯತ', ಎಂಬ ಪದ ಇರಲಿಲ್ಲ. ಟೀಕೆಯ ಸ್ವಾರಸ್ಯವನ್ನು ನೋಡಿ, ಇಲ್ಲಿ ಈ ಪದ ಬಿಟ್ಟುಹೋಗಿರಬೇಕು ಎಂದು ಅವರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಒಂದು ಪದವಷ್ಟೇ ಎಂದು ತೋರಬಹುದು. ಆದರೆ ಸ್ತ್ರೀಗೆ ಸಂಯಮಸ್ಥಾನವನ್ನು ಆಗಮವು ಹೇಳುತ್ತದೆಯೆ ಇಲ್ಲವೆ ಎಂಬ ಪ್ರಶ್ನೆ ಆ ಒಂದು ಪದದ ಮೇಲೆ ನಿಂತಿತ್ತು. ಪಂಡಿತವರ್ಗದಲ್ಲಿ ತೀವ್ರವಾದ ವಿವಾದವೆದ್ದಿತು. ಕೊನೆಗೆ ಮೂಡುಬಿದಿರೆಯ ಅಧಿಕಾರಿಗಳು ಉದಾರಮನಸ್ಸಿನಿಂದ ಪಾಠಶೋಧನೆಗೆ ಅವಕಾಶವಿತ್ತು, ಅಲ್ಲಿನ ವಿದ್ವಾಂಸರು ಮೂಲ ಓಲೆಗಳನ್ನು ಓದಿ ನೋಡಿದಾಗ, ಆ ಪದ ಅಲ್ಲಿ ಇದ್ದುದು ಕಂಡುಬಂದಿತು. ಪದದ ತಾತ್ಪರ್ಯವನ್ನು ಕುರಿತ ಶಾಸ್ತ್ರಚರ್ಚೆ ಇಲ್ಲಿ ಪ್ರಕೃತವಲ್ಲ. ನಾವು ಗಮನಿಸಬೇಕಾದುದು ಇಷ್ಟು: ವಿವಾದವನ್ನು ಪರಿಹರಿಸುವ ಸಾಕ್ಷ್ಯ ಏಳೆಂಟು ಶತಮಾನಗಳಿಂದ ಓಲೆಯ ಮೇಲೆ ಸ್ಪಷ್ಟವಾಗಿ ಬರೆದಿದ್ದಿತು, ಅದನ್ನು ಓದಲು ಬಾಗಿಲು ತೆರೆಯಬೇಕಾಗಿದ್ದಿತು, ಅಷ್ಟೇ.

ಈ ಸಂಪುಟಗಳ ಪ್ರಕಟಣೆಯ ಕಾಲದಲ್ಲಿ ಎದ್ದ ಇನ್ನೊಂದು ಆಕ್ಷೇಪವೂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿದೆ. ಸಿದ್ಧಾಂತಗ್ರಂಥಗಳನ್ನು ಓದುವ ಅಧಿಕಾರ ಮುನಿಗಳಿಗೆ ಮಾತ್ರ ಇದೆ, ಗೃಹಸ್ಥರಿಗಿಲ್ಲ. ಆದುದರಿಂದ ಅವನ್ನು ಅಚ್ಚುಹಾಕಿಸಿ ಎಲ್ಲರ ಕೈಗೆ ಕೊಡುವುದು ಅನುಚಿತ ಎಂದು ಕೆಲವು ಪಂಡಿತರು ವಾದಿಸಿದರು. ಸಂಪಾದಕರು ಈ ವಾದವನ್ನು ಪೀಠಿಕಾಭಾಗದಲ್ಲಿ ಸವಿಸ್ತರವಾಗಿ ಪರೀಕ್ಷಿಸಬೇಕಾಯಿತು. ಓಲೆ ಹಾಳಾದೀತೆಂಬ ಭಯಕ್ಕೂ ಈ ವಾದಕ್ಕೂ ಬಹಳ ಅಂತರವಿದೆ. ಮೊದಲನೆಯದರ ಕಾಳಜಿ ಗ್ರಂಥದ ಮೇಲೆ. ಎರಡನೆಯದರ ಶಂಕೆ ವಾಚಕನ ಮೇಲೆ.

೪

ಈ ಭೇದವನ್ನು ಸ್ಪಷ್ಟಪಡಿಸಿಕೊಂಡರೆ ಪ್ರಸ್ತುತ ಸಮಸ್ಯೆಯ ಅರ್ಧಭಾಗ ಬಗೆಹರಿದಂತೆ. ಓಲೆಗೆ ಕಾವಲು ಬೇಕು. ಕೈಯಿಂದ ಕೈಗೆ ಹೋದಷ್ಟೂ ಅದು ಸವೆಯುತ್ತದೆ, ಮುರಿಯುತ್ತದೆ, ಕಳವಾಗಲೂಬಹುದು. ೨೦೧೩ರಲ್ಲಿ ಇದೇ ಸಿದ್ಧಾಂತ ಬಸದಿಯಿಂದ ಅಮೂಲ್ಯವಾದ ಜಿನಬಿಂಬಗಳು ಕಳವಾದುದನ್ನು ನೆನೆದರೆ ಕಾವಲಿನ ಅವಶ್ಯಕತೆಯನ್ನು ಯಾರೂ ಅಲ್ಲಗಳೆಯಲಾರರು. ಅಂತರ್ಜಾಲದ ಪುಟವಾದರೋ ಸಾವಿರ ಜನ ಓದಿದರೂ ಸವೆಯುವುದಿಲ್ಲ. ಆದುದರಿಂದ ಗಣಕದಲ್ಲಿ ವಿಷಯದ ಮೇಲೆ ಹೇರುವ ನಿರ್ಬಂಧವು ಗ್ರಂಥರಕ್ಷಣೆಯ ನೆಪವನ್ನು ಹೇಳಿಕೊಳ್ಳಲಾರದು. ಅದು ಎಲ್ಲ ಸಂದರ್ಭಗಳಲ್ಲಿಯೂ ವಾಚಕನ ಅಧಿಕಾರವನ್ನು ಕುರಿತ ತೀರ್ಪು. ಯಂತ್ರ, ಸಮಯ, ಸ್ಥಳ ಇವು ಮಿತವಾಗಿರುವುದರಿಂದ ಅವುಗಳ ಹಂಚಿಕೆಗೆ ನಿಯಮ ಬೇಕು. ಒಬ್ಬನಿಗೆ ಅರ್ಧ ಘಂಟೆ, ಕಾದಿರುವವರಿಗೆ ಸರದಿ, ಶಬ್ದ ಮಾಡಬಾರದು, ಇತ್ಯಾದಿ. ಇವು ನಿಯಮನಗಳು. ಈ ವಿಷಯವನ್ನು ಓದಬೇಡ ಎಂಬುದು ನಿರ್ಬಂಧ. ಇವೆರಡನ್ನೂ ಒಂದೇ ಸುತ್ತೋಲೆಯಲ್ಲಿ ಬೆರೆಸುವುದರಿಂದ ಎರಡನೆಯದು ಮೊದಲನೆಯದರ ಮರೆಯಲ್ಲಿ ಸುಲಭವಾಗಿ ಒಳಸೇರುತ್ತದೆ.

ಗ್ರಂಥಾಲಯಶಾಸ್ತ್ರದ ಮೂಲತತ್ತ್ವಗಳೂ ಇದನ್ನೇ ಸೂಚಿಸುತ್ತವೆ. ೧೯೧೭ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿಯನ್ನು ಆರಂಭಿಸಿದ ಶಿ. ರಾ. ರಂಗನಾಥನ್ ಅವರು ಮುಂದೆ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, ೧೯೩೧ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಗ್ರಂಥಗಳಿರುವುದು ಉಪಯೋಗಕ್ಕಾಗಿ ಎಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಪ್ರತಿಯೊಬ್ಬ ವಾಚಕನಿಗೂ ಅವನಿಗೆ ಬೇಕಾದ ಗ್ರಂಥ ದೊರೆಯಬೇಕೆಂಬುದು ಎರಡನೆಯದರದು. ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದ ಯೂರೋಪಿನ ಹಳೆಯ ಪದ್ಧತಿಯಿಂದ ತೆರೆದ ಕಪಾಟಿನವರೆಗೆ ನಡೆದ ಬೆಳವಣಿಗೆಯನ್ನು ಅವರು ಈ ಸೂತ್ರಗಳ ಕ್ರಮವಿಕಾಸವೆಂದು ಕಂಡರು. ನಮ್ಮ ಜಿಲ್ಲೆಯು ಮದರಾಸು ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿಗೆ ಅನ್ವಯಿಸಿದ ೧೯೪೮ರ ಸಾರ್ವಜನಿಕ ಗ್ರಂಥಾಲಯ ಶಾಸನದ ಹಿಂದೆ ಇದ್ದುದು ಇದೇ ಮಹನೀಯರ ಪ್ರಯತ್ನ. ೧೯೬೫ರ ನಮ್ಮ ರಾಜ್ಯದ ಶಾಸನವೂ ಗ್ರಂಥಾಲಯ ಕರದ ಮೂಲಕ ಜನರಿಂದ ಹಣವೆತ್ತಿ ಜನರಿಗೆ ಗ್ರಂಥವನ್ನೊದಗಿಸುವ ತತ್ತ್ವದ ಮೇಲೆ ನಿಂತಿದೆ. ಕರ ತೆರುವವನು ದಾನ ಬೇಡುವವನಲ್ಲ. ಅವನ ಓದಿಗೆ ತಡೆಯೊಡ್ಡುವವರು ಕಾರಣವನ್ನು ಹೇಳಬೇಕು.

೫

ಈಗ ಶಾಸನಗಳ ಸ್ಥಿತಿಯನ್ನು ನೋಡೋಣ. ಹಣ ಪಡೆದು ಅಂತರ್ಜಾಲವನ್ನೊದಗಿಸುವ ಅಂಗಡಿಗಳಿಗಾಗಿ ಕೇಂದ್ರ ಸರಕಾರವು ೨೦೧೧ರಲ್ಲಿ ನಿಯಮಗಳನ್ನು ರಚಿಸಿತು. ಬಳಕೆದಾರನ ಗುರುತುಪತ್ರವನ್ನು ಪಡೆಯಬೇಕು. ಅವನು ನೋಡಿದ ತಾಣಗಳ ದಾಖಲೆಯನ್ನು ಒಂದು ವರ್ಷ ಕಾಪಿಡಬೇಕು. ಆಸನಗಳ ನಡುವಣ ತಡಿಕೆ ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದು. ಅಶ್ಲೀಲ ತಾಣಗಳನ್ನು ತಡೆಯುವ ತಂತ್ರಾಂಶವನ್ನು ಅಳವಡಿಸಬಹುದು ಎಂಬಿವು ಅವುಗಳಲ್ಲಿ ಮುಖ್ಯವಾದವು. ೨೦೦೦ದ ಮಾಹಿತಿ ತಂತ್ರಜ್ಞಾನ ಶಾಸನದ ವ್ಯಾಖ್ಯೆಯ ಪ್ರಕಾರ, ವ್ಯವಹಾರದ ಸಾಮಾನ್ಯ ಕ್ರಮದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವನ್ನೊದಗಿಸುವ ಸ್ಥಳವೇ ಇಂಥ ಅಂಗಡಿ. ಶಾಸನಬದ್ಧ ಸಾರ್ವಜನಿಕ ಗ್ರಂಥಾಲಯವು ವ್ಯಾಪಾರವಲ್ಲವಾದುದರಿಂದ ಈ ವ್ಯಾಖ್ಯೆಯೊಳಗೆ ಅದನ್ನು ಎಳೆದು ತರುವುದು ಕ್ಲಿಷ್ಟಕಲ್ಪನೆ. ಆದರೂ ಅಂಗಡಿಯ ಮಾದರಿಯನ್ನೇ ಗ್ರಂಥಾಲಯಕ್ಕೂ ಹೊದಿಸುವ ಪ್ರವೃತ್ತಿ ಸಹಜವಾಗಿ ಹುಟ್ಟುತ್ತದೆ. ಪುಸ್ತಕವನ್ನು ಎರವಲು ಕೊಡುವಾಗ ನಾವು ಹೆಸರು ಬರೆದುಕೊಳ್ಳುವುದು ಪುಸ್ತಕ ಮರಳಿ ಬರಲೆಂದು. ಓದುಗನು ಕಪಾಟಿನ ಮುಂದೆ ನಿಂತು ತಿರುವಿಹಾಕಿದ ಪುಟಗಳ ಪಟ್ಟಿಯನ್ನು ಯಾವ ಗ್ರಂಥಪಾಲಕನೂ ಬರೆದಿಡಲಿಲ್ಲ. ಗಣಕದ ಮುಂದೆ ಕುಳಿತವನ ಪ್ರತಿಯೊಂದು ಪುಟವೂ ದಾಖಲಾಗುವುದಾದರೆ, ತನ್ನ ರೋಗದ ವಿಷಯವನ್ನೋ, ಗಂಡನ ಮನೆಯ ಹಿಂಸೆಗೆ ಇರುವ ಕಾನೂನಿನ ಪರಿಹಾರವನ್ನೋ ತಿಳಿಯಬಯಸುವ ಹೆಂಗಸು, ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಆ ಕುರ್ಚಿಯ ಬಳಿಗೆ ಬರುವಳೆ?

ಅಮೆರಿಕದಲ್ಲಿ ಈ ವಿಷಯ ನ್ಯಾಯಾಲಯಗಳಲ್ಲಿ ವಿಸ್ತಾರವಾಗಿ ಚರ್ಚಿತವಾಗಿದೆ. ವರ್ಜೀನಿಯದ ಲೌಡನ್ ಪ್ರಾಂತದ ಗ್ರಂಥಾಲಯವು ಎಲ್ಲ ಗಣಕಗಳಿಗೂ ಶೋಧಕ ತಂತ್ರಾಂಶವನ್ನು ಹಾಕಿದುದನ್ನು ೧೯೯೮ರಲ್ಲಿ ನ್ಯಾಯಾಲಯ ಅಸಿಂಧುಗೊಳಿಸಿತು. ೨೦೦೦ದಲ್ಲಿ ಅಲ್ಲಿನ ಸಂಸತ್ತು, ಕೇಂದ್ರದ ನೆರವು ಪಡೆಯುವ ಗ್ರಂಥಾಲಯಗಳು ಇಂಥ ಶೋಧಕವನ್ನು ಹಾಕಲೇಬೇಕೆಂದು ಶಾಸನ ಮಾಡಿತು. ೨೦೦೩ರಲ್ಲಿ ಪರಮೋಚ್ಚ ನ್ಯಾಯಾಲಯವು ಆರು ಮೂರರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ನಿರ್ಬಂಧದ ಪಕ್ಷದವರು ಈ ತೀರ್ಪನ್ನು ಉದಾಹರಿಸುವುದುಂಟು. ಆದರೆ ವಯಸ್ಕನು ಕೇಳಿದೊಡನೆ ಗ್ರಂಥಪಾಲಕನು ತಡೆಯನ್ನು ತೆಗೆಯಬಹುದು ಎಂಬ ಆಧಾರದ ಮೇಲೆ ಆ ತೀರ್ಪು ಬಹುಮಟ್ಟಿಗೆ ನಿಂತಿದೆ ಎಂಬುದನ್ನು ಅವರು ಬಿಟ್ಟುಬಿಡುತ್ತಾರೆ. ನಮ್ಮ ನೆರೆಯ ಕೇರಳದ ಉಚ್ಚ ನ್ಯಾಯಾಲಯವು ೨೦೧೯ರಲ್ಲಿ, ವಿದ್ಯಾರ್ಥಿನಿಲಯದ ಹೆಣ್ಣುಮಕ್ಕಳ ದೂರವಾಣಿ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ವಿಚಾರಿಸುತ್ತ, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದೆಂದು ತೀರ್ಮಾನಿಸಿತು. ೨೦೨೦ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಅಂತರ್ಜಾಲವನ್ನು ತಡೆಯುವ ಆಜ್ಞೆಗಳು ಪ್ರಕಟವಾಗಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದು ವಿಧಿಸಿತು. ಆ ಪ್ರಕರಣ ಗ್ರಂಥಾಲಯವನ್ನು ಕುರಿತದ್ದಲ್ಲ. ಆದರೆ ರಾಜ್ಯದ ದೊಡ್ಡ ಬೀಗಕ್ಕೆ ಸಲ್ಲುವ ನ್ಯಾಯ ಪಂಚಾಯತಿಯ ಸಣ್ಣ ಬೀಗಕ್ಕೆ ಸಲ್ಲದೆನ್ನಲು ಕಾರಣವಿಲ್ಲ.

೬

ಶೋಧಕ ತಂತ್ರಾಂಶದ ಕಾರ್ಯವಿಧಾನವನ್ನೂ ಇಲ್ಲಿ ವಿಚಾರಿಸಬೇಕು. ಅದು ಪುಟವನ್ನು ಓದಿ ಅರ್ಥಮಾಡಿಕೊಳ್ಳುವುದಿಲ್ಲ. ನಿಷಿದ್ಧ ತಾಣಗಳ ಪಟ್ಟಿ, ನಿಷಿದ್ಧ ಪದಗಳ ಪಟ್ಟಿ, ಚಿತ್ರದಲ್ಲಿ ತೆರೆದ ಮೈ ಎಷ್ಟಿದೆ ಎಂಬ ಎಣಿಕೆ, ಇವುಗಳ ಆಧಾರದಿಂದ ಅದು ತಡೆಯುತ್ತದೆ. ಈ ಅಳತೆಗೋಲನ್ನು ನಮ್ಮ ಸೀಮೆಗೆ ತಂದು ನೋಡಿ. ಬೆಳ್ತಂಗಡಿ ತಾಲೂಕೊಂದರಲ್ಲಿಯೇ ಎರಡು ಬೃಹತ್ ಬಾಹುಬಲಿ ಮೂರ್ತಿಗಳಿವೆ: ೧೬೦೪ರಲ್ಲಿ ಅಜಿಲ ಅರಸ ತಿಮ್ಮರಾಜನು ವೇಣೂರಿನಲ್ಲಿ ಸ್ಥಾಪಿಸಿದ ೩೫ ಅಡಿಯ ಮೂರ್ತಿ, ಧರ್ಮಸ್ಥಳದಲ್ಲಿ ೧೯೮೨ರಲ್ಲಿ ಪ್ರತಿಷ್ಠಿತವಾದ ೩೯ ಅಡಿಯ ಮೂರ್ತಿ. ಎರಡೂ ನಗ್ನಮೂರ್ತಿಗಳು. ನಗ್ನತೆಯೆಂದರೆ ಅಶ್ಲೀಲವೆಂದು ಬಲ್ಲ ಯಂತ್ರಕ್ಕೆ ವೈರಾಗ್ಯದ ನಗ್ನತೆಗೂ ಕಾಮದ ನಗ್ನತೆಗೂ ಭೇದ ತಿಳಿಯದು. ದಿಗಂಬರತ್ವವನ್ನು ಕುರಿತ ಲೇಖನ, ಮೂಡುಬಿದಿರೆಯ ಬಸದಿಗಳ ಮರಗೆತ್ತನೆಯ ಚಿತ್ರ, ಸ್ತನದ ಅರ್ಬುದವನ್ನು ಕುರಿತ ವೈದ್ಯಕೀಯ ಸಲಹೆ, ಹೆಣ್ಣಿನ ಮೇಲಿನ ಅತ್ಯಾಚಾರವನ್ನು ಹೇಳುವ ಪಾಡ್ದನದ ಅಧ್ಯಯನ, ಇವೆಲ್ಲವೂ ಪದಪರೀಕ್ಷೆಯಲ್ಲಿ ಸಿಕ್ಕಿಬೀಳತಕ್ಕವುಗಳೇ. ಇತ್ತ ಕನ್ನಡ ತುಳುಗಳಲ್ಲಿ ಬರೆದ ನಿಜವಾದ ಅಶ್ಲೀಲವು, ಪಟ್ಟಿ ಇಂಗ್ಲಿಷಿನದಾದರೆ, ನಿರಾತಂಕವಾಗಿ ದಾಟಿಹೋಗುತ್ತದೆ. ಪಟ್ಟಿಯನ್ನು ತಯಾರಿಸುವವರು ಯಾರೆಂಬುದೂ ವಾಚಕನಿಗೆ ತಿಳಿಯದು. ಅನೇಕ ವೇಳೆ ಅದು ವ್ಯಾಪಾರಸಂಸ್ಥೆಯ ರಹಸ್ಯ. ಸಿದ್ಧಾಂತ ಬಸದಿಯಲ್ಲಿ ಬಾಗಿಲು ಮುಚ್ಚಿದವರು ಯಾರೆಂದಾದರೂ ತಿಳಿದಿತ್ತು. ಅವರನ್ನು ಕಂಡು ಬೇಡಿಕೊಳ್ಳಬಹುದಾಗಿತ್ತು, ಒಪ್ಪಿಸಬಹುದಾಗಿತ್ತು. ಕೊನೆಗೆ ಅವರು ಒಪ್ಪಿಯೂ ಒಪ್ಪಿದರು.

೭

ಪ್ರತಿಪಕ್ಷದ ಮಾತನ್ನು ಅಲಕ್ಷಿಸುವುದು ನ್ಯಾಯವಲ್ಲ. ಗ್ರಂಥಾಲಯಕ್ಕೆ ಬಾಲಕ ಬಾಲಕಿಯರು ಬರುತ್ತಾರೆ. ಒಬ್ಬನು ತೆರೆದ ಚಿತ್ರ ಪಕ್ಕದಲ್ಲಿ ಕುಳಿತ ಹುಡುಗಿಯ ಕಣ್ಣಿಗೆ ಬೀಳುತ್ತದೆ. ಮೋಸಗಾರರು ಸಾರ್ವಜನಿಕ ಯಂತ್ರವನ್ನು ಬಳಸಿಕೊಳ್ಳಬಹುದು. ಇವು ಕಲ್ಪಿತ ಭಯಗಳಲ್ಲ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ನೋಡುವುದೇ ನಮ್ಮ ಶಾಸನದಲ್ಲಿ ಅಪರಾಧ. ಅಂಥವನ್ನು ತಡೆಯುವುದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳ ಕಾರಣದಿಂದ ಮುದುಕರವರೆಗೆ ಎಲ್ಲರ ಓದನ್ನೂ ಮಗುವಿನ ಅಳತೆಗೆ ಕತ್ತರಿಸುವುದು ಬೇರೆ ಸಂಗತಿ. ೧೮೭೪ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಮಕ್ಕಳ ಓದಿನ ಹಿತವನ್ನು ಬಯಸಿದವರಲ್ಲಿ ಅಗ್ರಗಣ್ಯರು. ದೊಡ್ಡವರ ಪುಸ್ತಕಗಳಿಗೆ ಬೀಗ ಹಾಕಿಸುವ ಗೋಜಿಗೆ ಅವರು ಹೋಗಲಿಲ್ಲ. ಮಕ್ಕಳಿಗೆ ಬೇಕಾದ ಕಥೆಯನ್ನೂ ಪದ್ಯವನ್ನೂ ತಾವೇ ಬರೆದುಕೊಟ್ಟರು. ಗ್ರಂಥಾಲಯವು ಮಕ್ಕಳಿಗೆ ಬೇರೊಂದು ಗಣಕವನ್ನಿರಿಸಿ, ಆಯ್ದ ಒಳ್ಳೆಯ ತಾಣಗಳನ್ನು ಅಲ್ಲಿ ತೆರೆದಿಟ್ಟರೆ ಅದು ಈ ಪರಂಪರೆಗೆ ಅನುಗುಣವಾದೀತು.

ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದ ಕಡೆಗಳ ತಾಡಪತ್ರಗಳನ್ನು ಒಂದೊಂದಾಗಿ ನೋಡಿ ಸಿದ್ಧಪಡಿಸಿದ ಗ್ರಂಥಸೂಚಿ ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಭಂಡಾರದಲ್ಲಿ ಏನಿದೆ ಎಂಬುದನ್ನು ಲೋಕಕ್ಕೆ ತಿಳಿಸಿದ ಆ ಸೂಚಿಯು ಕಾವಲನ್ನೂ ಕೆಡಿಸಲಿಲ್ಲ, ಓಲೆಯನ್ನೂ ಕೆಡಿಸಲಿಲ್ಲ. ಗ್ರಂಥಪಾಲಕನ ನಿಜವಾದ ಕೆಲಸ ಯಾವುದೆಂಬುದಕ್ಕೆ ಇದಕ್ಕಿಂತ ಉತ್ತಮ ಮಾದರಿ ಬೇಕಾಗಿಲ್ಲ: ದಾರಿ ತೋರಿಸುವುದು, ಆಯ್ಕೆಗೆ ನೆರವಾಗುವುದು, ಆಯ್ಕೆಯನ್ನು ವಾಚಕನಿಗೆ ಬಿಡುವುದು.

ಮೇಲಿನ ವಿವೇಚನೆಯಿಂದ ಕೆಲವು ಸೂಚನೆಗಳು ಫಲಿಸುತ್ತವೆ. ಒಂದನೆಯದಾಗಿ, ಸಾರ್ವಜನಿಕ ಗ್ರಂಥಾಲಯದ ಗಣಕದಲ್ಲಿ ಏನಾದರೂ ತಡೆಯಿದ್ದರೆ ಅದರ ಕಾರಣವನ್ನೂ ವ್ಯಾಪ್ತಿಯನ್ನೂ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ತೂಗಹಾಕಬೇಕು. ಎರಡನೆಯದಾಗಿ, ವಯಸ್ಕ ವಾಚಕನು ಕೇಳಿದಾಗ, ಏಕೆ ಎಂದು ವಿಚಾರಿಸದೆ, ಕಾನೂನು ನಿಷೇಧಿಸದ ಪುಟವನ್ನು ತೆರೆದುಕೊಡುವ ಅಧಿಕಾರ ಗ್ರಂಥಪಾಲಕನಿಗಿರಬೇಕು. ಮೂರನೆಯದಾಗಿ, ಓದಿದುದರ ದಾಖಲೆಯನ್ನು ಇಡಕೂಡದು. ಸರದಿಯ ಹೆಸರುಪಟ್ಟಿಯಷ್ಟೇ ಸಾಕು. ನಾಲ್ಕನೆಯದಾಗಿ, ತಪ್ಪಾಗಿ ತಡೆಯಲ್ಪಟ್ಟ ಪುಟಗಳನ್ನು ವಾಚಕರು ಬರೆದಿಡಲು ಒಂದು ಪುಸ್ತಕವಿರಬೇಕು. ಗ್ರಂಥಾಲಯ ಸಮಿತಿ ಅದನ್ನು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಾಲೇಜುಗಳಿಂದ ಇತಿಹಾಸದ ಸ್ನಾತಕೋತ್ತರ ಅಧ್ಯಯನಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಶಾಸನಸಂಪುಟಗಳನ್ನೂ ಹಳೆಯ ಗ್ಯಾಸೆಟಿಯರುಗಳನ್ನೂ ಮೊದಲು ಕಾಣುವುದು ಗಣಕದ ಪರದೆಯ ಮೇಲೆಯೇ. ಅವರಲ್ಲಿ ಯಾರು ಯಾವ ಪದವನ್ನು ಹುಡುಕಿ ಯಾವ ಪಾಠವನ್ನು ತಿದ್ದಿಯಾರು ಎಂಬುದನ್ನು ಮುಂದಾಗಿ ಹೇಳಬಲ್ಲವರಿಲ್ಲ. ಓದುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆಗೆ ೧೯೩೯ರ ಬಳಿಕ ಧವಲೆಯ ಸಂಪುಟಗಳು ಒಂದು ಉತ್ತರವನ್ನು ಕೊಟ್ಟಿವೆ. ಗ್ರಂಥಾಲಯಗಳ ಆಡಳಿತವನ್ನು ಹೊತ್ತವರು ಹೊಸ ಬೀಗಗಳನ್ನು ಕೊಳ್ಳುವ ಮೊದಲು ಆ ಉತ್ತರವನ್ನು ಪರಿಶೀಲಿಸುವುದು ಯುಕ್ತವೆಂದು ತೋರುತ್ತದೆ.